ಏಳು ಬಗೆಯ ಗಾಡಿ, ಒಂದೇ ಕೆಸರು: ಮೋಟರ್‌ಸ್ಟಾರ್ಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಹಳೆಯ ಗೇಮ್. ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 3 ಹೊಸದಾಗಿ ಬಂದ ಕಾಲದ್ದು. ನಾನು ಈಗಲೂ ಆಡುತ್ತೇನೆ. ಪಕ್ಕದಲ್ಲಿ ಕೂತು ನೋಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ಇದು ಯಾವ ಗೇಮ್? ಯಾರು ಮಾಡಿದ್ದು?

ಮೋಟರ್‌ಸ್ಟಾರ್ಮ್ ಒಂದು ಆಫ್‌ರೋಡ್ ರೇಸಿಂಗ್ ಗೇಮ್, ಅಂದರೆ ಡಾಂಬರು ಇಲ್ಲದ ಮಣ್ಣು, ಕಲ್ಲಿನ ದಾರಿಯ ರೇಸು. ಮಾಡಿದ್ದು ಇಂಗ್ಲೆಂಡಿನ ಇವಲ್ಯೂಷನ್ ಸ್ಟುಡಿಯೋಸ್, ಹೊರತಂದದ್ದು ಸೋನಿ. ಜಪಾನಿನಲ್ಲಿ 2006ರ ಡಿಸೆಂಬರಿನಲ್ಲಿ ಬಂತು. ಅಮೆರಿಕ ಮತ್ತು ಯುರೋಪಿಗೆ ಬಂದದ್ದು 2007ರ ಮಾರ್ಚಿನಲ್ಲಿ. ಇದೇ ತಂಡ ಅದಕ್ಕೂ ಮೊದಲು ಪ್ಲೇಸ್ಟೇಷನ್ 2ಕ್ಕೆ ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್ ಗೇಮ್‌ಗಳನ್ನು ಮಾಡಿತ್ತು. ಹಾಗಾಗಿ ಮಣ್ಣಿನ ದಾರಿ ಅವರಿಗೆ ಹೊಸದೇನೂ ಆಗಿರಲಿಲ್ಲ. ಆದರೆ ರ್‍ಯಾಲಿಯಲ್ಲಿ ಒಬ್ಬೊಬ್ಬರೇ ಗಡಿಯಾರದ ಜೊತೆ ಪೈಪೋಟಿಗೆ ಇಳಿಯುತ್ತಾರೆ. ಇಲ್ಲಿ ಎಲ್ಲರೂ ಒಂದೇ ಗೆರೆಯಿಂದ ಒಟ್ಟಿಗೆ ಹೊರಡುತ್ತಾರೆ. ಬೈಕಿನ ಪಕ್ಕದಲ್ಲೇ ಲಾರಿಯಷ್ಟು ದೊಡ್ಡ ಗಾಡಿ ಗುರುಗುಡುತ್ತಾ ನಿಂತಿರುತ್ತದೆ.

ಏಳು ಬಗೆಯ ಗಾಡಿ ಅಂದರೆ ಯಾವುವು? ಸುಮ್ನೆ ನೋಡಲಿಕ್ಕೆ ಬೇರೆ ಬೇರೆಯಾ, ಅಥವಾ ಓಡಿಸುವಾಗಲೂ ವ್ಯತ್ಯಾಸ ಇದೆಯಾ?

ಬೈಕು, ಎಟಿವಿ, ಬಗ್ಗಿ, ರ್‍ಯಾಲಿ ಕಾರು, ರೇಸಿಂಗ್ ಟ್ರಕ್ಕು, ಮಡ್‌ಪ್ಲಗರ್, ಬಿಗ್ ರಿಗ್. ವ್ಯತ್ಯಾಸ ತುಂಬಾ ಇದೆ. ಈ ಗೇಮಿನ ಜೀವವೇ ಅಲ್ಲಿದೆ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಬೈಕು ಎಲ್ಲಕ್ಕಿಂತ ಚುರುಕು. ಎರಡು ಬಂಡೆಗಳ ನಡುವೆ ಸಣ್ಣ ಸಂದಿ ಸಿಕ್ಕರೂ ನುಗ್ಗುತ್ತದೆ. ಬೇರೆ ಗಾಡಿಗಳ ಚಕ್ರ ಹಿಡಿಸದ ಬಂಡೆಯಂಚಿನ ದಾರಿಗಳೆಲ್ಲ ಬೈಕಿನವರದ್ದು. ಆದರೆ ಸವಾರನ ಸುತ್ತ ಏನೂ ಇಲ್ಲ. ದೊಡ್ಡ ಗಾಡಿ ಪಕ್ಕಕ್ಕೆ ಬಂದು ತಾಗಿದರೆ ಹಾರಿಬೀಳುತ್ತಾನೆ. ಕೆಸರಿಗೆ ಇಳಿದರೆ ವೇಗ ಕುಸಿದುಬಿಡುತ್ತದೆ.

ಎಟಿವಿ ಬೈಕಿನ ಅಣ್ಣನಂತೆ. ನಾಲ್ಕು ಚಕ್ರ ಇರುವುದರಿಂದ ನೆಲವನ್ನು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಮೆತ್ತನೆಯ ಮಣ್ಣಿನಲ್ಲೂ ತಡೆದುಕೊಳ್ಳುತ್ತದೆ. ಸವಾರ ಮಾತ್ರ ಇಲ್ಲೂ ಬಯಲಿಗೇ ಕೂತಿರುತ್ತಾನೆ.

ಬಗ್ಗಿ ನನ್ನ ಮೆಚ್ಚಿನದು. ಉದ್ದನೆಯ ಸಸ್ಪೆನ್ಷನ್, ಹಗುರ ಮೈ. ಗುಡ್ಡೆ ಗುಡ್ಡೆಯಾಗಿರುವ ನೆಲದ ಮೇಲೆ ರ್‍ಯಾಲಿ ಕಾರು ಎಗರಿ ಎಗರಿ ದಿಕ್ಕು ತಪ್ಪುವಾಗ ಬಗ್ಗಿ ಆರಾಮಾಗಿ ತೇಲಿಕೊಂಡು ಹೋಗುತ್ತದೆ. ರ್‍ಯಾಲಿ ಕಾರಿಗೆ ಬೇಕಿರುವುದು ಗಟ್ಟಿ ನೆಲ. ಅದು ಸಿಕ್ಕರೆ ಅದನ್ನು ಹಿಡಿಯುವುದು ಕಷ್ಟ. ಕೆಸರಿಗೆ ಇಳಿಸಿದರೆ ಮಾತ್ರ ತೆವಳುತ್ತದೆ. ರೇಸಿಂಗ್ ಟ್ರಕ್ಕು ಎರಡೂ ಕಡೆಗೆ ಸಲ್ಲುವ ಗಾಡಿ. ಯಾವುದರಲ್ಲೂ ಮೊದಲಲ್ಲ, ಯಾವುದರಲ್ಲೂ ಕೈಬಿಡುವುದಿಲ್ಲ.

ಮಡ್‌ಪ್ಲಗರ್ ಎತ್ತರವಾಗಿ ನಿಂತ, ದಪ್ಪ ಟೈರಿನ, ಜೀಪಿನ ಜಾತಿಯ ಗಾಡಿ. ಹೆಸರೇ ಹೇಳುವ ಹಾಗೆ ಕೆಸರಿಗೆಂದೇ ಹುಟ್ಟಿದ್ದು. ಗಟ್ಟಿ ನೆಲದಲ್ಲಿ ನಿಧಾನ ಅನ್ನಿಸುತ್ತದೆ. ಆದರೆ ಎಲ್ಲರೂ ಚಕ್ರ ಸುತ್ತಿಸುತ್ತಾ ಒದ್ದಾಡುವ ಜಾಗದಲ್ಲಿ ಇದು ಸೀದಾ ದಾಟಿ ಹೋಗುತ್ತದೆ. ಕೊನೆಯದು ಬಿಗ್ ರಿಗ್, ಲಾರಿಯಷ್ಟು ದೊಡ್ಡ ಗಾಡಿ. ಹೊರಡಲಿಕ್ಕೆ ಹೊತ್ತು ಬೇಕು, ತಿರುಗಲಿಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಒಮ್ಮೆ ವೇಗ ಹಿಡಿಯಿತೋ, ಎದುರಿಗೆ ಬಂದವರು ದಾರಿ ಬಿಡಲೇಬೇಕು. ಕೆಸರಂತೂ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಒಂದೇ ಟ್ರ್ಯಾಕಿನಲ್ಲಿ ಇಷ್ಟು ಬಗೆಯ ಗಾಡಿ ಓಡಿದರೆ ಯಾರೋ ಒಬ್ಬರಿಗೆ ಅನ್ಯಾಯ ಆಗುವುದಿಲ್ಲವಾ?

ಆಗಬೇಕಿತ್ತು. ಆಗದೆ ಇರುವುದಕ್ಕೆ ಕಾರಣ ಟ್ರ್ಯಾಕ್ ಕಟ್ಟಿರುವ ರೀತಿ. ಇಲ್ಲಿ ಒಂದು ಟ್ರ್ಯಾಕ್ ಅಂದರೆ ಒಂದು ದಾರಿ ಅಂತಲ್ಲ. ಸ್ವಲ್ಪ ದೂರ ಹೋದ ಕೂಡಲೇ ದಾರಿ ಎರಡಾಗಿ, ಮೂರಾಗಿ ಒಡೆಯುತ್ತದೆ. ಮೇಲೆ ಬಂಡೆಯ ಅಂಚಿನ ಕಿರುದಾರಿ, ನಡುವೆ ಗಟ್ಟಿ ಮಣ್ಣಿನ ಅಗಲ ದಾರಿ, ಕೆಳಗೆ ಕೆಸರಿನ ಹಳ್ಳ. ಮುಂದೆ ಎಲ್ಲೋ ಒಂದು ಕಡೆ ಮೂರೂ ಬಂದು ಕೂಡುತ್ತವೆ.

ಆದ್ದರಿಂದ ಗಾಡಿ ಆರಿಸುವಾಗಲೇ ನೀವು ದಾರಿಯನ್ನೂ ಆರಿಸಿರುತ್ತೀರಿ. ಬೈಕು ತೆಗೆದುಕೊಂಡವರು ಮೇಲಕ್ಕೆ ಹೋಗಬೇಕು, ಬಿಗ್ ರಿಗ್ ತೆಗೆದುಕೊಂಡವರು ಕೆಳಗೆ ಇಳಿಯಬೇಕು. ಇದು ಅರ್ಥವಾಗುವವರೆಗೆ ಗೇಮ್ ತುಂಬಾ ಕಷ್ಟ ಅನ್ನಿಸುತ್ತದೆ. ಎಷ್ಟೋ ಜನ ಬೈಕು ಹಿಡಿದು, ಮುಂದೆ ಹೋಗುವ ಟ್ರಕ್ಕಿನ ಹಿಂದೆಯೇ ಕೆಸರಿಗೆ ಇಳಿದು, 'ಕಂಟ್ರೋಲ್ ಸರಿ ಇಲ್ಲ' ಅಂತ ಗೇಮನ್ನು ಕೆಳಗಿಡುವುದನ್ನು ನೋಡಿದ್ದೇನೆ. ನನಗೆ ಬೇಜಾರಾಗುತ್ತದೆ. ಇನ್ನೆರಡು ರೇಸು ಆಡಿ, ತಲೆ ಎತ್ತಿ ಮೇಲಿನ ದಾರಿ ನೋಡಿದ್ದರೆ ಅವರಿಗೂ ಈ ಗೇಮ್ ಹಿಡಿಸುತ್ತಿತ್ತು.

ಕೆಸರು ನಿಜವಾಗಿಯೂ ಬದಲಾಗುತ್ತದಾ, ಇಲ್ಲ ಬರೀ ಚಿತ್ರವಾ?

ಬದಲಾಗುತ್ತದೆ. ಗಾಡಿ ಹಾದುಹೋದ ಕಡೆ ಚಕ್ರದ ಗುಂಡಿ ಬೀಳುತ್ತದೆ. ಅದು ಮುಂದಿನ ಲ್ಯಾಪಿಗೂ, ಅಂದರೆ ಟ್ರ್ಯಾಕಿನ ಮುಂದಿನ ಸುತ್ತಿಗೂ, ಹಾಗೇ ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಗಾಡಿ ಹೋದರೆ ಇನ್ನಷ್ಟು ಆಳವಾಗುತ್ತದೆ. ಮೊದಲ ಲ್ಯಾಪಿನಲ್ಲಿ ನಯವಾಗಿದ್ದ ತಿರುವು ಮೂರನೆಯ ಲ್ಯಾಪಿಗೆ ಬರುವಾಗ ಉತ್ತ ಹೊಲದ ಹಾಗೆ ಆಗಿರುತ್ತದೆ.

ಇದನ್ನು ಚೆನ್ನಾಗಿ ನೋಡಬೇಕು ಅಂದರೆ ಮಡ್‌ಪೂಲ್ ಅನ್ನುವ ಟ್ರ್ಯಾಕ್ ಆಡಿ. ನಾನು ಮೊದಲು ಅದನ್ನು ಬಗ್ಗಿಯಲ್ಲಿ ಆಡಿದೆ. ಮೊದಲ ಲ್ಯಾಪಿನಲ್ಲಿ ಒಂದು ತಿರುವಿನ ಒಳಭಾಗ ಸಲೀಸಾಗಿ ಸಿಕ್ಕಿತು. ಮುಂದಿನ ಸಲ ಅದೇ ಗೆರೆ ಹಿಡಿದೆ. ಅಷ್ಟರಲ್ಲಿ ದೊಡ್ಡ ಗಾಡಿಗಳು ಅಲ್ಲಿ ಹಾದುಹೋಗಿದ್ದವು. ಮುಂದಿನ ಚಕ್ರ ಗುಂಡಿಗೆ ಇಳಿದು, ಸ್ಟಿಯರಿಂಗ್ ನಾನು ಹೇಳಿದ ಕಡೆ ತಿರುಗದೆ ಗುಂಡಿ ಹೋದ ಕಡೆ ತಿರುಗಿತು. ಆ ಕ್ಷಣದಲ್ಲಿ ನನಗೆ ಈ ಗೇಮ್ ಅರ್ಥವಾಯಿತು. ನೆಲವನ್ನು ಪ್ರತಿ ಲ್ಯಾಪಿನಲ್ಲೂ ಹೊಸದಾಗಿ ನೋಡಬೇಕು. ಡಾಂಬರು ರಸ್ತೆಯ ಗೇಮ್‌ಗಳಲ್ಲಿ ಒಂದು ತಿರುವನ್ನು ನೂರು ಸಲ ಆಡಿ ಬಾಯಿಪಾಠ ಮಾಡಬಹುದು. ಇಲ್ಲಿ ಬಾಯಿಪಾಠ ಅರ್ಧದಷ್ಟೇ ಕೆಲಸಕ್ಕೆ ಬರುತ್ತದೆ. ಉಳಿದರ್ಧ ಕಣ್ಣಿನ ಕೆಲಸ.

ಕೆಸರು ಗಾಡಿಯ ಮೈಗೂ ಮೆತ್ತಿಕೊಳ್ಳುತ್ತದೆ. ರೇಸು ಮುಗಿಯುವಾಗ ಗಾಡಿಯ ಬಣ್ಣ ಯಾವುದು ಅಂತ ಗೊತ್ತಾಗದಷ್ಟು. ಎದುರಿನ ಗಾಡಿಯ ಹಿಂದೆ ಅಂಟಿಕೊಂಡು ಹೋದರೆ ಪರದೆಯ ಮೇಲೂ ಎರಚುತ್ತದೆ.

ಹಾಗಾದರೆ ಯಾವ ಗಾಡಿ ಬೆಸ್ಟ್?

ಟ್ರ್ಯಾಕ್ ಹೇಳದೆ ಇದಕ್ಕೆ ಉತ್ತರ ಹೇಳಲಿಕ್ಕೆ ಆಗುವುದಿಲ್ಲ. ಒಂದೇ ಗಾಡಿ ಹಿಡಿದು ಇಡೀ ಗೇಮ್ ಮುಗಿಸುತ್ತೇನೆ ಅಂದರೂ ಗೇಮ್ ಬಿಡುವುದಿಲ್ಲ. ಎಷ್ಟೋ ರೇಸುಗಳಲ್ಲಿ ಯಾವ ಬಗೆಯ ಗಾಡಿ ಅಂತ ಅದೇ ನಿಗದಿ ಮಾಡಿರುತ್ತದೆ. ಕಲಿಯುವವರಿಗೆ ರೇಸಿಂಗ್ ಟ್ರಕ್ಕು ಒಳ್ಳೆಯದು. ತಪ್ಪು ಮಾಡಿದರೂ ಕ್ಷಮಿಸುತ್ತದೆ.

ವೇಗ ಏರಿಸುವ ಬೂಸ್ಟ್ ಬಟನ್ ಒತ್ತಿ ಹಿಡಿದರೆ ಗಾಡಿ ಸಿಡಿದುಹೋಗುತ್ತದೆ. ಯಾಕೆ?

ಇಂಜಿನ್ ಬಿಸಿಯಾಗಿ. ಬೇರೆ ಎಷ್ಟೋ ಗೇಮ್‌ಗಳಲ್ಲಿ ಬೂಸ್ಟನ್ನು ಸಾಹಸ ಮಾಡಿ ಗಳಿಸಬೇಕು, ಖಾಲಿಯಾದರೆ ಮುಗಿಯಿತು. ಇಲ್ಲಿ ಬೂಸ್ಟಿಗೆ ಮಿತಿ ಇಲ್ಲ. ಒತ್ತಿದಷ್ಟು ಹೊತ್ತು ಬರುತ್ತದೆ, ಆದರೆ ಇಂಜಿನಿನ ಬಿಸಿ ಏರುತ್ತಾ ಹೋಗುತ್ತದೆ. ಬಿಸಿಯ ಗುರುತು ತುಂಬಿದರೆ ಗಾಡಿ ಸ್ಫೋಟಿಸುತ್ತದೆ. ಬಟನ್ ಬಿಟ್ಟರೆ ತಣ್ಣಗಾಗುತ್ತದೆ.

ಇಷ್ಟು ಸರಳವಾದ ನಿಯಮ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನಾನು ಕಡಿಮೆ ನೋಡಿದ್ದೇನೆ. ಪ್ರತಿ ನೇರ ದಾರಿಯಲ್ಲೂ ಇನ್ನೊಂದು ಸೆಕೆಂಡು ಹಿಡಿಯಲಾ, ಈಗಲೇ ಬಿಡಲಾ ಅನ್ನುವ ಪ್ರಶ್ನೆ ಬೆರಳ ತುದಿಯಲ್ಲೇ ಇರುತ್ತದೆ. ಕೊನೆಯ ಗೆರೆ ಹತ್ತಿರ ಇದ್ದರೆ ಅದರ ಮಜವೇ ಬೇರೆ. ಗಾಡಿ ಸಿಡಿದರೂ ಪರವಾಗಿಲ್ಲ, ಸಿಡಿಯುವ ಮೊದಲು ಗೆರೆ ದಾಟಿದರೆ ಸಾಕು ಅಂತ ಒತ್ತಿ ಹಿಡಿಯುವವರೇ ಎಲ್ಲ. ನನ್ನ ಸಲಹೆ ಇಷ್ಟು: ಬೂಸ್ಟನ್ನು ತಿರುವು ಮುಗಿದ ಕೂಡಲೇ, ವೇಗ ಕಡಿಮೆ ಇರುವಾಗ ಬಳಸಿ. ಬಿಗ್ ರಿಗ್ಗಿಗಂತೂ ತಿರುವಿನಿಂದ ಹೊರಬರಲಿಕ್ಕೆ ಅದೇ ಊರುಗೋಲು.

ನಿಜವಾದ ರೇಸುಗಳಲ್ಲಿ ಬೈಕು, ಟ್ರಕ್ಕು ಒಟ್ಟಿಗೆ ಓಡುತ್ತವಾ?

ಒಂದೇ ರೇಸಿನಲ್ಲಿ ಇರುತ್ತವೆ, ಆದರೆ ಹೀಗೆ ಒಂದೇ ಗೆರೆಯಿಂದ ಹೊರಡುವುದಿಲ್ಲ. 1978ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಮೊದಲ ಸಲ ಹೊರಟ ಡಾಕರ್ ರ್‍ಯಾಲಿಯಲ್ಲಿ ಬೈಕು, ಕಾರು, ಟ್ರಕ್ಕು ಎಲ್ಲ ಇವೆ. ಮೆಕ್ಸಿಕೋದ ಬಾಹಾ 1000 ರೇಸು 1967ರಿಂದ ನಡೆಯುತ್ತಿದೆ. ಅಲ್ಲೂ ಬೈಕು, ಬಗ್ಗಿ, ಟ್ರೋಫಿ ಟ್ರಕ್ಕು ಒಂದೇ ಮರುಭೂಮಿಯಲ್ಲಿ ಓಡುತ್ತವೆ. ಎರಡರಲ್ಲೂ ಒಬ್ಬೊಬ್ಬರನ್ನು ಬಿಡುವು ಕೊಟ್ಟು ಬಿಡುತ್ತಾರೆ, ಒಂದೊಂದು ಬಗೆಗೂ ಬೇರೆ ಬಹುಮಾನ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೈಕಿನ ಸವಾರನ ಹಿಂದೆ ಟನ್ನುಗಟ್ಟಲೆ ತೂಕದ ಟ್ರಕ್ಕು ದೂಳಿನಲ್ಲಿ ಕಣ್ಣು ಕಾಣದೆ ಬಂದರೆ ಜೀವಕ್ಕೇ ಅಪಾಯ. ನಿಜ ಜೀವನದಲ್ಲಿ ಮಾಡಬಾರದ ಈ ಕೆಲಸಕ್ಕೆ ಗೇಮೇ ಸರಿಯಾದ ಜಾಗ.

ಗೇಮಿನ ಜಾಗ ಎಲ್ಲಿಯದು?

ಅಮೆರಿಕದ ಮಾನ್ಯುಮೆಂಟ್ ವ್ಯಾಲಿಯನ್ನು ನೋಡಿ ಮಾಡಿದ್ದು. ಅದು ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿ, ನವಾಹೋ ಜನರ ನೆಲದಲ್ಲಿದೆ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಮರಳುಗಲ್ಲಿನ ದೊಡ್ಡ ದೊಡ್ಡ ಗುಡ್ಡಗಳು. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ತುಕ್ಕು ಹಿಡಿದು ಆ ಕೆಂಪು ಬಣ್ಣ ಬಂದಿದೆ. ಗೇಮಿನಲ್ಲಿ ಸಂಜೆಯ ಬೆಳಕು ಆ ಕಲ್ಲಿಗೆ ಬೀಳುವಾಗ ರೇಸು ಬಿಟ್ಟು ನಿಂತು ನೋಡೋಣ ಅನ್ನಿಸುತ್ತದೆ. ರೈನ್‌ಗಾಡ್ ಸ್ಪೈರ್ಸ್ ಟ್ರ್ಯಾಕಿನಲ್ಲಿ ಮಾತ್ರ ಹಾಗೆ ನೋಡುತ್ತಾ ಕೂರಬೇಡಿ. ಅಂಚು ತಪ್ಪಿದರೆ ಪಕ್ಕದಲ್ಲೇ ಪ್ರಪಾತ.

ಟಿಕೆಟ್ ಅಂದರೆ ಏನು?

ಒಬ್ಬರೇ ಆಡುವಾಗ ರೇಸುಗಳು ಟಿಕೆಟ್‌ಗಳ ರೂಪದಲ್ಲಿ ಬರುತ್ತವೆ. ಒಟ್ಟು 21 ಟಿಕೆಟ್. ಒಂದೊಂದರಲ್ಲಿ ಕೆಲವು ರೇಸು. ಮೊದಲ ಮೂರರೊಳಗೆ ಬಂದರೆ ಪದಕ, ಪದಕ ಬಂದರೆ ಮುಂದಿನ ಟಿಕೆಟ್ ತೆರೆಯುತ್ತದೆ. ಕಥೆ ಇಲ್ಲ, ಗ್ಯಾರೇಜ್ ಇಲ್ಲ, ಹಣ ಕೂಡಿಟ್ಟು ಬಿಡಿಭಾಗ ಕೊಳ್ಳುವ ಗೋಜೂ ಇಲ್ಲ. ನನಗೆ ಇದು ಇಷ್ಟ.

ಎದುರಾಳಿಗಳು ಮೋಸ ಮಾಡುತ್ತಾರಾ?

ಮೊದಲ ಟಿಕೆಟ್‌ಗಳಲ್ಲಿ ಹಾಗೇನೂ ಅನ್ನಿಸುವುದಿಲ್ಲ. ಕೊನೆಕೊನೆಗೆ ಅನ್ನಿಸುತ್ತದೆ. ನೀವು ಎಷ್ಟೇ ಚೆನ್ನಾಗಿ ಓಡಿಸಿ ಮುಂದೆ ಹೋದರೂ ಹಿಂದಿನವರು ರಬ್ಬರ್ ಬ್ಯಾಂಡ್ ಕಟ್ಟಿದ ಹಾಗೆ ಬಂದು ಬೆನ್ನಿಗೆ ಅಂಟುತ್ತಾರೆ. ಕೊನೆಯ ಲ್ಯಾಪಿನಲ್ಲಿ ಒಂದು ಸಲ ಬಿದ್ದರೆ ಸಾಕು, ನಾಲ್ಕೈದು ಜನ ದಾಟಿ ಹೋಗಿರುತ್ತಾರೆ. ಕಷ್ಟಪಟ್ಟು ಗಳಿಸಿದ ಅಂತರಕ್ಕೆ ಬೆಲೆ ಸಿಗಬೇಕು ಅಲ್ವಾ? ಇದನ್ನು ನಾನು ಗೇಮಿನ ದೊಡ್ಡ ಕುಂದು ಅಂತಲೇ ಎಣಿಸುತ್ತೇನೆ.

ಆದರೆ ಇದೇ ಎದುರಾಳಿಗಳ ಇನ್ನೊಂದು ಗುಣ ನನಗೆ ಹಿಡಿಸುತ್ತದೆ. ಅವರು ಬೇಕೆಂದೇ ಅಡ್ಡ ಬರುತ್ತಾರೆ, ಗುದ್ದುತ್ತಾರೆ, ಅವರವರೇ ಗುದ್ದಾಡಿಕೊಂಡು ಉರುಳುತ್ತಾರೆ. ಮುಂದೆ ಎರಡು ಗಾಡಿ ಡಿಕ್ಕಿ ಹೊಡೆದು, ಕಳಚಿಬಿದ್ದ ಚಕ್ರ ನಿಮ್ಮ ಕಡೆಗೇ ಉರುಳಿ ಬರುವಾಗ ಎದೆ ಝಲ್ಲೆನ್ನುತ್ತದೆ. ಹಳಿಯ ಮೇಲೆ ಓಡುವ ರೈಲಿನ ಹಾಗೆ ಸಾಲಾಗಿ ಹೋಗುವ ಎದುರಾಳಿಗಳಿಗಿಂತ ಇವರೇ ಮೇಲು.

ಇಬ್ಬರು ಪಕ್ಕದಲ್ಲಿ ಕೂತು ಆಡಬಹುದಾ?

ಮೊದಲ ಭಾಗದಲ್ಲಿ ಆಗುವುದಿಲ್ಲ. ಪರದೆಯನ್ನು ಪಾಲು ಮಾಡಿ ಆಡುವ ಸೌಲಭ್ಯವೇ ಇಲ್ಲ. ಎರಡನೆಯ ಭಾಗ ಪೆಸಿಫಿಕ್ ರಿಫ್ಟ್‌ನಲ್ಲಿ ನಾಲ್ಕು ಜನರವರೆಗೆ ಆಡಬಹುದು.

ಆನ್‌ಲೈನ್?

ಒಂದು ಕಾಲದಲ್ಲಿ 12 ಜನ ಒಟ್ಟಿಗೆ ಆಡಬಹುದಿತ್ತು. ಆ ಸರ್ವರ್‌ಗಳನ್ನು ಮುಚ್ಚಿ ವರ್ಷಗಳೇ ಆದವು.

ಬೇರೆ ಕೊರತೆ ಏನೇನು?

ಟ್ರ್ಯಾಕುಗಳು ಕಡಿಮೆ. ಡಿಸ್ಕಿನಲ್ಲಿ ಇರುವುದು ಎಂಟೇ. ಒಂದೊಂದರಲ್ಲೂ ಹಲವು ದಾರಿ ಇರುವುದರಿಂದ ಬೇಗ ಬೇಜಾರು ಬರುವುದಿಲ್ಲ, ನಿಜ. ಆದರೂ 21 ಟಿಕೆಟ್ ಮುಗಿಸುವಷ್ಟರಲ್ಲಿ ಎಂಟು ಟ್ರ್ಯಾಕನ್ನು ಸಾಕಷ್ಟು ಸಲ ಸುತ್ತಿರುತ್ತೀರಿ. ಕಾಯುವ ಹೊತ್ತೂ ಜಾಸ್ತಿ. ಗಾಡಿ ಆರಿಸುವ ಪರದೆಯಲ್ಲಿ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋದಾಗ ಅದರ ಚಿತ್ರ ಬರುವವರೆಗೆ ಕಾಯಬೇಕು. ಏಳು ಬಗೆಯ ಗಾಡಿಯೇ ಹೆಚ್ಚುಗಾರಿಕೆ ಅನ್ನುವ ಗೇಮಿನಲ್ಲಿ ಗಾಡಿ ನೋಡಲಿಕ್ಕೆ ಕಾಯಿಸುವುದು ಸರಿಯಲ್ಲ.

2005ರ ಟ್ರೈಲರಿನಲ್ಲಿ ಕಂಡದ್ದೇ ಬೇರೆ ಅಂತಾರಲ್ಲ?

ಹೌದು. 2005ರಲ್ಲಿ ಇ3 ಅನ್ನುವ ಗೇಮ್ ಮೇಳದಲ್ಲಿ ತೋರಿಸಿದ್ದು ಮೊದಲೇ ತಯಾರಿಸಿದ ಆನಿಮೇಷನ್, ಆಡುತ್ತಿರುವ ಗೇಮ್ ಅಲ್ಲ. ಅದನ್ನು ನಂಬಿ ಕಾದವರಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಆ ಟ್ರೈಲರಿನ ಮುಖ್ಯ ಆಸೆಗಳು, ಅಂದರೆ ಚಕ್ರದ ಕೆಳಗೆ ಒಡೆಯುವ ಮಣ್ಣು, ಎರಚುವ ಕೆಸರು, ಬೈಕಿನ ಪಕ್ಕ ಲಾರಿ, ಇವೆಲ್ಲ ಗೇಮಿನಲ್ಲಿ ಬಂದವು. ಚಿತ್ರ ಅಷ್ಟು ನುಣುಪಾಗಿ ಬರಲಿಲ್ಲ. ನನಗೆ ಮಣ್ಣೇ ಮುಖ್ಯ.

ಕಂಟ್ರೋಲರನ್ನೇ ಸ್ಟಿಯರಿಂಗಿನ ಹಾಗೆ ತಿರುಗಿಸಿ ಆಡಬಹುದಂತೆ?

ಆಡಬಹುದು. ಪ್ಲೇಸ್ಟೇಷನ್ 3ರ ಮೊದಲ ಕಂಟ್ರೋಲರ್ ಸಿಕ್ಸ್‌ಆಕ್ಸಿಸ್‌ನಲ್ಲಿ ವಾಲಿಸುವುದನ್ನು ಗುರುತಿಸುವ ಸೌಲಭ್ಯ ಇತ್ತು. ಅರ್ಧ ಗಂಟೆ ಖುಷಿಯಾಗುತ್ತದೆ. ಗೆಲ್ಲಬೇಕು ಅಂದರೆ ಬೆರಳಿನಿಂದ ಸರಿಸುವ ಕಡ್ಡಿಗೇ (ಸ್ಟಿಕ್) ಮರಳಿ. ಬಂಡೆಯ ಅಂಚಿನಲ್ಲಿ ಬೈಕನ್ನು ಕೂದಲೆಳೆಯಷ್ಟು ತಿರುಗಿಸುವ ಕೆಲಸ ವಾಲಿಸಿ ಆಗುವುದಿಲ್ಲ.

ನಂತರದ ಭಾಗಗಳು ಹೇಗಿವೆ? ಯಾವುದರಿಂದ ಶುರು ಮಾಡಲಿ?

2008ರಲ್ಲಿ ಬಂದ ಪೆಸಿಫಿಕ್ ರಿಫ್ಟ್‌ನಿಂದ ಶುರು ಮಾಡಿ. ಮೊದಲ ಭಾಗವನ್ನು ಇಷ್ಟು ಹೊಗಳಿದ ಮೇಲೂ ಹೀಗೆ ಹೇಳುತ್ತೇನೆ. ಮರುಭೂಮಿಯ ಬದಲು ಹಸಿರು ದ್ವೀಪ, ನೀರು, ಬೆಂಕಿ, ಗಾಳಿ, ಮಣ್ಣು ಅಂತ ನಾಲ್ಕು ಭಾಗ, 16 ಟ್ರ್ಯಾಕು. ಏಳರ ಜೊತೆಗೆ ಮಾನ್‌ಸ್ಟರ್ ಟ್ರಕ್ಕೂ ಸೇರಿತು. ನೀರಿಗೆ ಇಳಿದರೆ ಇಂಜಿನ್ ಬೇಗ ತಣ್ಣಗಾಗುತ್ತದೆ, ಲಾವಾ ಹತ್ತಿರ ಹೋದರೆ ಬೇಗ ಬಿಸಿಯಾಗುತ್ತದೆ. ಬೂಸ್ಟಿನ ಆಟಕ್ಕೆ ಇದರಿಂದ ಇನ್ನೊಂದು ಲೆಕ್ಕ ಸೇರಿತು. ಹೊಳೆಯ ದಾರಿ ಬಳಸಾದರೂ, ದಾಟಿದ ಮೇಲೆ ಪೂರ್ತಿ ಬೂಸ್ಟ್ ಸಿಗುತ್ತದೆ ಅಂತ ಅದನ್ನೇ ಹಿಡಿಯುವುದುಂಟು.

2009ರಲ್ಲಿ ಸೋನಿಯ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಮತ್ತು ಪ್ಲೇಸ್ಟೇಷನ್ 2ಕ್ಕೆ ಬಂದ ಆರ್ಕ್ಟಿಕ್ ಎಡ್ಜ್ ಅಲಾಸ್ಕಾದ ಹಿಮದಲ್ಲಿ ನಡೆಯುತ್ತದೆ. ಅದನ್ನು ಮಾಡಿದ್ದು ಬಿಗ್‌ಬಿಗ್ ಸ್ಟುಡಿಯೋಸ್. 2011ರ ಅಪೊಕಲಿಪ್ಸ್ ಕುಸಿದುಬೀಳುತ್ತಿರುವ ನಗರದೊಳಗೆ ನಡೆಯುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆದದ್ದರಿಂದ ಹಲವು ಕಡೆ ಬಿಡುಗಡೆ ಮುಂದಕ್ಕೆ ಹೋಯಿತು. ಕಣ್ಣೆದುರು ಸೇತುವೆ, ಕಟ್ಟಡ ಉರುಳುವುದು ನೋಡಲಿಕ್ಕೆ ಭಾರಿ. ಆದರೆ ಅಲ್ಲಿ ದಾರಿಯನ್ನು ಬದಲಿಸುವುದು ಮೊದಲೇ ಬರೆದಿಟ್ಟ ಅನಾಹುತ. ಮೊದಲ ಭಾಗದಲ್ಲಿ ದಾರಿಯನ್ನು ಬದಲಿಸುವುದು ನಾವೇ, ನಮ್ಮ ಚಕ್ರಗಳೇ. ನನಗೆ ಆ ವ್ಯತ್ಯಾಸ ದೊಡ್ಡದು.

ಇವಲ್ಯೂಷನ್ ಸ್ಟುಡಿಯೋಸ್ ಈಗಲೂ ಇದೆಯಾ?

ಇಲ್ಲ. 2007ರಲ್ಲಿ ಸೋನಿ ಅದನ್ನು ಕೊಂಡಿತು, 2016ರಲ್ಲಿ ಮುಚ್ಚಿತು. ಕೊನೆಯ ದೊಡ್ಡ ಕೆಲಸ 2014ರ ಡ್ರೈವ್‌ಕ್ಲಬ್. ಅಲ್ಲಿದ್ದ ಅನೇಕರು ಕೋಡ್‌ಮಾಸ್ಟರ್ಸ್ ಅನ್ನುವ ಇನ್ನೊಂದು ಗೇಮ್ ಕಂಪನಿ ಸೇರಿ 2018ರಲ್ಲಿ ಆನ್‌ರಶ್ ಅನ್ನುವ ಗೇಮ್ ಮಾಡಿದರು. ಅದರಲ್ಲೂ ಬೈಕು, ಬಗ್ಗಿ, ದೊಡ್ಡ ಗಾಡಿ ಒಟ್ಟಿಗೆ ಓಡುತ್ತವೆ.

ಈಗ ಆಡುವುದು ಹೇಗೆ? ಅದರ ಬದಲಿಗೆ ಬೇರೆ ಏನಾದರೂ ಇದೆಯಾ?

ಡಿಸ್ಕಿನಲ್ಲಿ ಆಡಲಿಕ್ಕೆ ಪ್ಲೇಸ್ಟೇಷನ್ 3 ಬೇಕು. ಪ್ಲೇಸ್ಟೇಷನ್ 4, 5ರಲ್ಲಿ ಆ ಡಿಸ್ಕು ಓಡುವುದಿಲ್ಲ. ಹಳೆಯ ಕನ್ಸೋಲ್ ಇಟ್ಟುಕೊಂಡವರ ಹತ್ತಿರ ಕೇಳಿ ನೋಡಿ.

ಹೊಸ ಗೇಮ್‌ಗಳಲ್ಲಿ ಬಗೆಬಗೆಯ ಗಾಡಿ ಬೇಕು ಅಂದರೆ 2020ರ ಡರ್ಟ್ 5 ಇದೆ. ಕೆಸರೇ ಬೇಕು ಅಂದರೆ ಅದೇ ವರ್ಷದ ಸ್ನೋರನ್ನರ್ ಆಡಿ. ಅದರ ಕೆಸರು ಇದಕ್ಕಿಂತ ಎಷ್ಟೋ ಆಳ, ಎಷ್ಟೋ ನಿಜ. ಆದರೆ ಅದು ಸಾಮಾನು ಸಾಗಿಸುವ ಗೇಮ್, ಅಲ್ಲಿ ಆತುರಕ್ಕೆ ಜಾಗವೇ ಇಲ್ಲ. ಆಳವಾದ ಕೆಸರು, ಪೈಪೋಟಿ, ಏಳು ಬಗೆಯ ಗಾಡಿ ಮೂರನ್ನೂ ಒಂದೇ ಕಡೆ ಕೊಡುವ ಹೊಸ ಗೇಮಿಗೆ ನಾನು ಇನ್ನೂ ಕಾಯುತ್ತಿದ್ದೇನೆ.

ಮೊದಲ ಸಲ ಆಡುವವರು ಏನು ಮಾಡಬೇಕು?

ಗೆಲ್ಲಬೇಕು ಅನ್ನುವುದನ್ನು ಮೊದಲ ಒಂದು ಗಂಟೆ ಬದಿಗಿಡಿ. ಒಂದು ಟ್ರ್ಯಾಕ್ ಹಿಡಿದು, ಅದರಲ್ಲಿ ಮೊದಲು ಬೈಕು, ಆಮೇಲೆ ಮಡ್‌ಪ್ಲಗರ್ ಓಡಿಸಿ. ಎರಡು ಸಲವೂ ದಾರಿ ಒಡೆಯುವ ಕಡೆಗಳನ್ನು ಗಮನಿಸಿ. ಬೈಕಿನಲ್ಲಿದ್ದಾಗ ಕೆಳಗಿನ ಕೆಸರಿನಲ್ಲಿ ಯಾರು ಹೋಗುತ್ತಿದ್ದಾರೆ, ಮಡ್‌ಪ್ಲಗರ್‌ನಲ್ಲಿದ್ದಾಗ ಮೇಲಿನ ಬಂಡೆಯ ಮೇಲೆ ಯಾರು ಓಡುತ್ತಿದ್ದಾರೆ ನೋಡಿ. ಹೊರಡುವ ಗೆರೆಯಲ್ಲಿ ಬೈಕಿನವರು ಒಂದು ಉಸಿರು ತಡೆದು, ದೊಡ್ಡ ಗಾಡಿಗಳು ಮೊದಲ ತಿರುವಿನಲ್ಲಿ ಗುದ್ದಾಡಿ ಮುಗಿಸಲಿ ಅಂತ ಬಿಟ್ಟರೆ ನಡುವೆ ಜಾಗ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಬೂಸ್ಟ್ ಒತ್ತಿ.